ಹೋಟೆಲಿನ ಮುಂದಿನ ಸಿಗ್ನಲ್

ಸಾನಪಾಡಾದ ನಮ್ಮ ಕನ್ನಡ ಶಾಲೆಗೆ ಹೈವೇ ದಾಟಿ ಬರುವ ಮಕ್ಕಳು ಹದಿನೇಳು ಮಂದಿ ಇದ್ದರು. ಎಲ್ಲರೂ ರಸ್ತೆಯ ಆಚೆ ಬದಿಯ ಗುಡಿಸಲುಗಳವರು. ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮಾರ್ಕೆಟ್ಟಿನ ಹಮಾಲಿಗೆ ಬಂದವರ ಮಕ್ಕಳು. ನಾನು ಪದ್ಮಾವತಿ, ಶಾಲೆಗಿದ್ದ ಇಬ್ಬರು ಟೀಚರುಗಳಲ್ಲಿ ಹಿರಿಯವಳು, ಊರು ಕುಂದಾಪುರದ ಕಡೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೊಡೆಯುವುದೆಲ್ಲ ಮಕ್ಕಳ ಒಳ್ಳೆಯದಕ್ಕೇ ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡು ಬಂದವಳು. ಈ ಸಂಗತಿ ಹೇಳುವಾಗ ನನ್ನ ಪರ ವಹಿಸಿ ಮಾತಾಡುವ ಉದ್ದೇಶ ನನಗಿಲ್ಲ. ಆದರೂ ಅಂಥ ಮಾತು ಎಲ್ಲಾದರೂ ನುಸುಳಿದರೆ ನೀವು ನಂಬಬೇಡಿ.

ತೊಂಬತ್ತಾರನೇ ಇಸವಿಯ ಜನವರಿಯಲ್ಲಿ ಹಮಾಲಿ ಸೈದಪ್ಪ ಸತ್ತ. ಮಾರ್ಕೆಟ್ಟಿನಿಂದ ಸೈಕಲ್ಲಿನಲ್ಲಿ ಬಂದವನು ಗುಡಿಸಲುಗಳ ಎದುರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ, ಟ್ಯಾಂಕರ್ ಹೊಡೆಯಿತು. ಆ ಜಾಗದಲ್ಲಿ ಡಿವೈಡರನ್ನು ಜನ ಎಂದೋ ಹಾರೆಯಿಂದ ಒಡೆದು ಒಂದು ಸಂದು ಮಾಡಿಕೊಂಡಿದ್ದರು. ಸಂದಿನ ನೇರಕ್ಕೆ ಈಚೆ ಬದಿಯಲ್ಲಿ ನಮ್ಮ ಶಾಲೆ. ದಾಟಲು ಎರಡು ನಿಮಿಷ ಸಾಕು, ಸಾಯಲು ಅಷ್ಟೂ ಬೇಡ. ಒಂದೇ ವರ್ಷದಲ್ಲಿ ಸೈದಪ್ಪ ಅಲ್ಲಿ ಸತ್ತ ಮೂರನೆಯವನು. ಅವನ ಹೆಂಡತಿ ಶರಣಬಸಮ್ಮ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಒಬ್ಬಳೇ ಮಗಳು ಜ್ಯೋತಿ ನನ್ನ ನಾಲ್ಕನೇ ಕ್ಲಾಸಿನಲ್ಲಿದ್ದಳು.

ಜ್ಯೋತಿಗೆ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಚಾಳಿ. ಹಿಂದಿ ಮಾತಿನ ಈ ಪರರಾಜ್ಯದಲ್ಲೇ ಹುಟ್ಟಿದ ಮಕ್ಕಳೆಲ್ಲ ಹಾಗೆಯೇ, ಆದರೆ ಇವಳು ಮುಖ ನೋಡಿಕೊಂಡೇ ಹೇಳುತ್ತಿದ್ದಳು. ಬೋರ್ಡಿನ ಮೇಲೆ ನಾನು ಮಾಡಿದ ತಪ್ಪನ್ನು ಎದ್ದು ನಿಂತು ತೋರಿಸುತ್ತಿದ್ದಳು. ನನಗೆ ಅವಳನ್ನು ಕಂಡರೆ ಬಹಳ ಇಷ್ಟ. ಆ ಇಷ್ಟವನ್ನು ಒಂದು ದಿನವೂ ಅವಳಿಗೆ ತೋರಿಸಲಿಲ್ಲ.

ಮೂರು ಹೆಣ ಬಿದ್ದ ಮೇಲೆ ಹೈವೇ ಕಚೇರಿಗೆ ಅರ್ಜಿ ಹೋಯಿತು. ಕಚೇರಿಯವರು, ಈ ತುಂಡು ರಸ್ತೆಗೆ ಒಂದೇ ಸಿಗ್ನಲ್ ಕೊಡಲು ಸಾಧ್ಯ, ಎಲ್ಲಿ ಹೆಚ್ಚು ಜನ ದಾಟುತ್ತಾರೋ ಅಲ್ಲಿ ಕೊಡುತ್ತೇವೆ ಎಂದರು. ಒಂದು ದಿನ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಎಣಿಕೆ ಎಂದು ಗೊತ್ತಾಯಿತು. ಎರಡು ಜಾಗ ಗುರುತು ಮಾಡಿದರು. ಒಂದು, ಗುಡಿಸಲುಗಳ ಎದುರಿನ ಸಂದು. ಇನ್ನೊಂದು, ಅರ್ಧ ಕಿಲೋಮೀಟರ್ ವಾಶಿ ದಿಕ್ಕಿಗೆ ಹೋದರೆ ಸಿಗುವ ಮಧ್ವರಾಜರ ಹೋಟೆಲಿನ ಮುಂದೆ, ಡಿವೈಡರಿನ ಕಿರುದಾರಿ. ಎಣಿಸುವವರು ಯಾರು? ಟೀಚರುಗಳು. ಈ ದೇಶದಲ್ಲಿ ದನ ಎಣಿಸುವುದಕ್ಕೂ ಜನ ಎಣಿಸುವುದಕ್ಕೂ ನಾವೇ ಆಗಬೇಕು.

ಶರಣಬಸಮ್ಮ ಸಿಮೆಂಟಿನ ಕೈಯಲ್ಲೇ ಶಾಲೆಗೆ ಬಂದಳು.

"ಟೀಚರ್ರೀ, ಸಿಗ್ನಲ್ ನಮ್ಮ ಗುಡಸಲ ಮುಂದೇ ಬೀಳಬೇಕ್ರಿ. ಗಂಡ ಅಂತೂ ಹೋದ. ಇದೊಂದ ಕೂಸು ದಿನಾ ದಾಟಿ ನಿಮ್ಮ ಕಡಿ ಬರ್ತದ. ನೀವೇ ಎಣಸ್ತೀರಂತಲ್ರಿ, ನಮ್ಮನ್ನ ಚಲೋತ್ನಂಗ ಎಣಸ್ರಿ."

"ಎಷ್ಟು ಜನ ದಾಟ್ತಾರೋ ಅಷ್ಟೇ ಬರೆಯುವುದು. ಒಂದು ಕಡಿಮೆಯೂ ಇಲ್ಲ, ಒಂದು ಜಾಸ್ತಿಯೂ ಇಲ್ಲ," ಎಂದೆ.

ಆ ಮಾತನ್ನು ನಾನು ಅಕ್ಷರಶಃ ಉಳಿಸಿಕೊಂಡೆ.

ಮಧ್ವರಾಜರು ನಮ್ಮ ಶಾಲಾ ಕಮಿಟಿಯ ಅಧ್ಯಕ್ಷರು. ಶಾಲೆಯ ಎರಡು ಕೋಣೆಗಳೂ ಅವರವೇ. ಅವರ ಹೋಟೆಲಿನ ಎದುರು, ರಸ್ತೆಯ ಆಚೆ, ದೊಡ್ಡದೊಂದು ಕಂಪನಿ ಇತ್ತು. ಅಲ್ಲಿನ ಆಫೀಸಿನವರು ಊಟಕ್ಕೆ ದಾಟಿ ಬರಲು ಹೆದರುತ್ತಾರೆ ಎಂಬುದು ಅವರ ನಿತ್ಯದ ಗೋಳು. ಎಣಿಕೆಯ ಹಿಂದಿನ ದಿನ ಅವರು ಗುಡಿಸಲುಗಳಿಗೆ ಹೇಳಿ ಕಳಿಸಿದರು. ರಸ್ತೆಯಲ್ಲಿ ಸತ್ತ ಸೈದಪ್ಪನ ನೆನಪಿಗೆ ನಾಳೆ ಬೆಳಿಗ್ಗೆ ಹೋಟೆಲಿನಲ್ಲಿ ಎಲ್ಲರಿಗೂ ಉಪ್ಪಿಟ್ಟು, ಶಿರಾ, ಚಹಾ, ಎಲ್ಲ ಪುಕ್ಕಟೆ. ಕರೆದುಕೊಂಡು ಬರಲು ಅವರದೇ ಟೆಂಪೋ.

ನನಗೆ ತಕ್ಷಣ ಅರ್ಥವಾಯಿತು. ಸಂಜೆ ಹೋಟೆಲಿಗೆ ಹೋಗಿ ಕೇಳಿಯೇ ಬಿಟ್ಟೆ.

"ಎಂತ ಮಧ್ವರಾಜರೇ, ನಾಳೆಯೇ ಆಗ್ಬೇಕಿತ್ತಾ ಇದು?"

"ಪುಣ್ಯದ ಕೆಲ್ಸಕ್ಕೆ ದಿನ ನೋಡ್ಲಿಕ್ಕುಂಟಾ ಮಾರಾಯ್ರೇ?" ಅವರು ನಕ್ಕರು. "ಮತ್ತೆ ನಿಮ್ಗೂ ಸಂಜೆ ಬಸ್ಸು ಹಿಡೀಲಿಕ್ಕೆ ಇಲ್ಲೇ ಅಲ್ವಾ ದಾಟುದು? ಮಂಡಿ ನೋವು, ಓಡ್ಲಿಕ್ಕಾಗುದಿಲ್ಲ ಅಂತಿದ್ರಿ."

ಅದು ನಿಜ. ನನ್ನ ಬಸ್ ಸ್ಟಾಪು ಹೋಟೆಲಿನ ಎದುರು ಬದಿಯಲ್ಲಿತ್ತು. ದಿನಾ ಸಂಜೆ ಅಲ್ಲಿ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದೆ. ಅವರು ಕೊಟ್ಟ ಚಹಾ ಕುಡಿದು ಬಾಯಿ ಮುಚ್ಚಿಕೊಂಡು ಮನೆಗೆ ಹೋದೆ.

ಮರುದಿನ ನಾನು ಹೋಟೆಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಚಿಕ್ಕ ಟೀಚರ್ ರಮಿತಾ ಸಂದಿನ ಹತ್ತಿರ ಕೂತಳು. ಟೆಂಪೋ ಗುಡಿಸಲಿನವರನ್ನು ತುಂಬಿ ತುಂಬಿ ತಂದು ಆಚೆ ಬದಿಯಲ್ಲಿ, ಕಂಪನಿಯ ಗೇಟಿನ ಹತ್ತಿರ ಇಳಿಸುತ್ತಿತ್ತು. ಹೋಟೆಲಿನ ಇಬ್ಬರು ವೇಟರುಗಳು ಮೇಜಿನ ಬಟ್ಟೆ ಬೀಸಿ ಲಾರಿಗಳನ್ನು ನಿಲ್ಲಿಸುತ್ತಿದ್ದರು. ಹಬ್ಬದ ಸೀರೆ ಉಟ್ಟ ಹೆಂಗಸರು ಮದುಮಕ್ಕಳ ಹಾಗೆ ನಾಚಿಕೊಂಡು ದಾಟಿದರು. ಬದುಕಿನಲ್ಲಿ ಮೊದಲ ಸಲ ಅವರಿಗಾಗಿ ಹೈವೇ ನಿಂತಿತ್ತು. ನಾನು ತಲೆಗೊಂದು ಗೀಟು ಹಾಕುತ್ತಾ ಹೋದೆ. ತಿಂದವರು ತಿರುಗಿ ದಾಟಿದರು, ಅದಕ್ಕೂ ಗೀಟು. ಮಕ್ಕಳು ಇನ್ನೊಮ್ಮೆ ಶಿರಾ ಸಿಗುತ್ತದೆಂದು ಮತ್ತೆ ಬಂದವು. ಜ್ಯೋತಿ ಆರು ಸಲ ದಾಟಿದಳು. ಆರು ಗೀಟನ್ನೂ ನಾನೇ ಎಳೆದೆ.

ಶರಣಬಸಮ್ಮ ಕೈಯಲ್ಲಿ ಎಲೆ ಹಿಡಿದು ನನ್ನ ಹತ್ತಿರ ಬಂದಳು. ಅವಳ ಮುಖದಲ್ಲಿ ಗೆಲುವಿತ್ತು.

"ನಮ್ಮನ್ನ ಎಣಸಿದ್ರಿಲ್ರೀ ಟೀಚರ್?"

"ಎಣಿಸಿದೆ."

"ಒಬ್ರೂ ಬಿಟ್ಟಿಲ್ಲಲ್ರಿ? ಕೆಲಸ ಬಿಡಿಸಿ ಎಲ್ಲಾರ್ನೂ ನಾನೇ ಕರಕೊಂಡ ಬಂದೀನಿ. ಮುದಿಕಿಯರ್ನೂ ಬಿಟ್ಟಿಲ್ಲ."

ಎಣಿಕೆಯೆಂದರೆ ಗುಡಿಸಲಿನಲ್ಲಿ ಎಷ್ಟು ಜೀವ ಇದೆ ಎಂದು ಸರಕಾರಕ್ಕೆ ತೋರಿಸುವುದು ಎಂದು ಅವಳು ತಿಳಿದಿದ್ದಳು. ತಲೆಗಳು ಹೆಚ್ಚಿದಷ್ಟು ಸಿಗ್ನಲ್ ತಮ್ಮ ಮನೆ ಮುಂದೆ ಗಟ್ಟಿ. ಯಾವ ಜಾಗದಲ್ಲಿ ತಲೆ ಎಣಿಸುತ್ತಾರೆ ಎಂಬುದೇ ಮುಖ್ಯವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಬಹುದಿತ್ತು. ಇನ್ನೂ ಎಂಟು ಗಂಟೆ ಆಗಿತ್ತಷ್ಟೆ, ಹನ್ನೆರಡರೊಳಗೆ ಎಲ್ಲವನ್ನೂ ತಿರುಗಿಸಬಹುದಿತ್ತು. "ಶಿರಾ ತಣ್ಣಗಾಗ್ತದೆ, ತಿನ್ನು," ಎಂದೆ.

ಹೋಟೆಲಿನ ಮುಂದೆ ಆರುನೂರ ಹನ್ನೆರಡು. ಸಂದಿನಲ್ಲಿ ಮೂವತ್ತೇಳು. ಎರಡೂ ಹಾಳೆಗೆ ಹಿರಿಯ ಟೀಚರ್ ಎಂದು ನನ್ನ ಸಹಿ ಬಿತ್ತು.

ಜೂನ್ ತಿಂಗಳಲ್ಲಿ ಹೋಟೆಲಿನ ಮುಂದೆ ಸಿಗ್ನಲ್ ಉರಿಯಿತು. ಬಿಳಿ ಪಟ್ಟೆಯನ್ನೂ ಬಳಿದರು. ಮೊದಲ ದಿನ ಶರಣಬಸಮ್ಮನ ಕೈಯಲ್ಲೇ ಗುಂಡಿ ಒತ್ತಿಸಿ ಮಧ್ವರಾಜರು ಫೋಟೋ ತೆಗೆಸಿದರು. ಸತ್ತವನ ಹೆಂಡತಿ ಒತ್ತಿದರೆ ಚಂದ ಕಾಣುತ್ತದೆ ಎಂದು ಅವರ ಲೆಕ್ಕಾಚಾರ. ಅವಳು ಒತ್ತಿದಳು, ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ತಿರುಗಿ ಬೈಯಲು ಅನುಕೂಲವಾಗುತ್ತಿತ್ತು.

ಅದೇ ವಾರ ಕಚೇರಿಯವರು ಬಂದು ಗುಡಿಸಲುಗಳ ಎದುರಿನ ಸಂದಿಗೆ ಎದೆಮಟ್ಟದ ಕಬ್ಬಿಣದ ರೈಲಿಂಗ್ ಬೆಸೆದರು. ಸಿಗ್ನಲ್ ಕೊಟ್ಟ ಮೇಲೆ ಬೇರೆ ಕಡೆ ದಾಟುವಂತಿಲ್ಲ ಎಂದು ನಿಯಮವಂತೆ. ಗುಡಿಸಲಿನವರು ಒಂದು ದಿನ ಅದನ್ನು ನೋಡಿದರು, ಎರಡನೇ ದಿನದಿಂದ ಹಾರತೊಡಗಿದರು. ಹೆಂಗಸರು ಕೊಡ ಆಚೆ ಇಟ್ಟು ಸೀರೆ ಎತ್ತಿ ಕಟ್ಟಿ ಹಾರುತ್ತಿದ್ದರು. ನಮ್ಮ ಶಾಲೆಯ ಮಕ್ಕಳು ಚೀಲ ಎಸೆದು ಮಂಗಗಳ ಹಾಗೆ ಇಳಿಯುತ್ತಿದ್ದವು.

ಮಧ್ವರಾಜರು ಶಾಲೆಗೆ ಬಂದು, "ಟೀಚರೇ, ನಮ್ಮ ಶಾಲೆಯ ಮಗು ಅಲ್ಲಿ ಹಾರಿ ಸತ್ರೆ ಮರ್ಯಾದೆ ಉಳೀತದಾ? ಸ್ವಲ್ಪ ಶಿಸ್ತು ಮಾಡಿ ಮಾರಾಯ್ರೇ," ಎಂದರು.

ಶಿಸ್ತು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕಾದು ನಿಂತೆ. ಮೊದಲು ಕಣ್ಣಿಗೆ ಬಿದ್ದವಳು ಜ್ಯೋತಿ. ರೈಲಿಂಗಿನ ಮೇಲೆ ಕೂತು, ಲಾರಿ ಹೋಗುವವರೆಗೆ ಕಾದು, ಇಳಿದು, ಎರಡೂ ಕಡೆ ನೋಡಿ ಓಡಿ ಬಂದಳು. ಎಲ್ಲರ ಮುಂದೆ ಅವಳ ಕೈ ಚಾಚಿಸಿ ಮರದ ರೂಲರಿನಿಂದ ಆರು ಕೊಟ್ಟೆ.

"ಸಿಗ್ನಲ್ ಹಾಕಿದ್ದು ಯಾತಕ್ಕೆ? ನಿನ್ನಪ್ಪ ಸತ್ತದ್ದು ಸಾಕಾಗಲಿಲ್ಲವಾ?"

"ಟೀಚರ್, ಉಧರ್ ತಕ್ ಚಲ್‌ನೇ ಕಾ ಜಗಾ ಹೀ ನಹೀ ಹೈ," ಎಂದಳು. ಅಲ್ಲಿಯವರೆಗೆ ನಡೆಯಲು ಜಾಗವೇ ಇಲ್ಲ.

ಹಿಂದಿಯಲ್ಲಿ ಎದುರುತ್ತರ ಕೊಟ್ಟಿದ್ದಕ್ಕೆ ಇನ್ನೆರಡು ಕೊಟ್ಟೆ.

ಅವಳು ಹೇಳಿದ್ದು ಸರಿಯಾಗಿತ್ತು. ಗುಡಿಸಲಿನಿಂದ ಸಿಗ್ನಲ್ಲಿನವರೆಗೆ ಒಂದು ಪಕ್ಕ ಕಂಪನಿಯ ಗೋಡೆ, ಗೋಡೆಗೆ ಒತ್ತಿಕೊಂಡು ತೆರೆದ ಚರಂಡಿ, ಚರಂಡಿಯ ಅಂಚಿಗೇ ಡಾಂಬರು. ಫುಟ್‌ಪಾತ್ ಎಂಬುದು ನಕ್ಷೆಯಲ್ಲೂ ಇರಲಿಲ್ಲ. ಜನ ಎಲ್ಲಿ ದಾಟುತ್ತಾರೆ ಎಂದು ಕೇಳಿದವರಿದ್ದರು, ಅಲ್ಲಿಯತನಕ ಹೇಗೆ ನಡೆದು ಬರುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ಆ ದಾರಿಯಲ್ಲಿ ನಾನು ಒಂದು ದಿನವೂ ನಡೆದವಳಲ್ಲ. ಇನ್ನು ಮೇಲೆ ಹಾರುವುದಿಲ್ಲ ಎಂದು ಕ್ಲಾಸಿನ ಎದುರು ಅವಳಿಂದ ನನ್ನ ಮೇಲೆ ಆಣೆ ಹಾಕಿಸಿದೆ.

ಉಳಿದ ಹದಿನಾರು ಮಕ್ಕಳು ಬುದ್ಧಿವಂತರು. ನನ್ನ ಕಣ್ಣು ತಪ್ಪಿಸಿ, ನಿಂತ ಲಾರಿಗಳ ಮರೆಯಲ್ಲಿ ಹಾರಿ ಬರುತ್ತಿದ್ದರು. ಜ್ಯೋತಿ ಒಬ್ಬಳೇ ಸಿಗ್ನಲ್ಲಿನವರೆಗೆ ನಡೆದು, ದಾಟಿ, ಈಚೆ ಬದಿಯಲ್ಲಿ ಅಷ್ಟೇ ದೂರ ವಾಪಸ್ಸು ನಡೆದು ಬರುತ್ತಿದ್ದಳು. ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದದ್ದಕ್ಕೆ ಮೂರು ದಿನ ಅವಳನ್ನು ಹೊರಗೆ ನಿಲ್ಲಿಸಿದೆ. ನಾಲ್ಕನೇ ದಿನದಿಂದ ಅವಳು ಓಡುತ್ತಾ ಬರತೊಡಗಿದಳು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಳೆಗೆ ಚರಂಡಿ ಉಕ್ಕಿತ್ತು. ಚರಂಡಿ ಎಲ್ಲಿ, ರಸ್ತೆ ಎಲ್ಲಿ ಎಂದು ಗೊತ್ತಾಗದೆ ಜ್ಯೋತಿ ಇನ್ನಷ್ಟು ಡಾಂಬರಿನ ಮೇಲೆ ಸರಿದು ಓಡುತ್ತಿದ್ದಳು. ಹೊಂಡ ತಪ್ಪಿಸಲು ಎಡಕ್ಕೆ ಬಂದ ಲಾರಿ ಅವಳನ್ನು ಹಿಂದಿನಿಂದ ಹೊಡೆಯಿತು. ಸಿಗ್ನಲ್ಲಿಗೆ ಇನ್ನೂ ನಲವತ್ತು ಹೆಜ್ಜೆ ಇತ್ತು. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಪಂಚನಾಮೆ ಬರೆದ ಪೊಲೀಸಿನವನು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಕ್ರಾಸ್ ಕರ್ ರಹೀ ಥೀ ಕ್ಯಾ?" ಇಲ್ಲ, ದಾಟುತ್ತಿರಲಿಲ್ಲ ಎಂದೆ. ಮಗು ವಾಹನಗಳ ದಾರಿಯಲ್ಲಿ ಓಡುತ್ತಿತ್ತು ಎಂದು ಬರೆದುಕೊಂಡ. ವರ್ಷದ ಕೊನೆಗೆ ಕಚೇರಿಯಿಂದ ಶಾಲಾ ಕಮಿಟಿಗೆ ಅಭಿನಂದನೆಯ ಕಾಗದ ಬಂತು. ಸಿಗ್ನಲ್ ಬಂದ ಮೇಲೆ ಈ ತುಂಡು ರಸ್ತೆಯಲ್ಲಿ ದಾಟುವಾಗ ಸತ್ತವರು ಸೊನ್ನೆ. ಮಧ್ವರಾಜರು ಅದಕ್ಕೆ ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗಿಸಿದರು.

ಆದರೆ ಅದು ಆಮೇಲಿನ ಮಾತು. ಜ್ಯೋತಿ ಸತ್ತ ಐದನೇ ದಿನ ಶರಣಬಸಮ್ಮ ಶಾಲೆಗೆ ಬಂದಳು. ನಾನು ಕ್ಲಾಸಿನ ಬಾಗಿಲಿನಲ್ಲಿ ನಿಂತಿದ್ದೆ. ಕಪಾಳಕ್ಕೆ ಹೊಡೆಯುತ್ತಾಳೆ, ಹೊಡೆಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ನನಗೆ ಅದು ಬೇಕಿತ್ತು. ಅವಳು ಎರಡು ಮಾರು ದೂರದಲ್ಲೇ ನಿಂತು ಸೆರಗು ಹೊದ್ದುಕೊಂಡಳು.

"ಟೀಚರ್ರೀ, ಮಂದಿ ನಿಮಗ ಏನ್ ಹೇಳ್ಯಾರೋ ಗೊತ್ತಿಲ್ಲ. ಅಕಿ ಹಾರಿಲ್ರಿ."

ಮಕ್ಕಳಿಗೆ ಕೇಳದಿರಲೆಂದು ನಾನು ಕ್ಲಾಸಿನ ಬಾಗಿಲು ಎಳೆದುಕೊಂಡೆ.

"ಖರೇ ಹೇಳ್ತೀನ್ರಿ, ಹಾರಿಲ್ಲ. ಅವತ್ತ ಮಳಿ ಭಾಳ ಅದ, ಇಲ್ಲೇ ಹಾರಿ ಹೋಗವ್ವಾ ಅಂತ ನಾನೇ ಅಂದೆ. ಟೀಚರ್ ಸಿಟ್ಟಾಗ್ತಾರ, ಅವರ ಮ್ಯಾಲ ಆಣಿ ಹಾಕೀನಿ, ನಾ ಹಾರಿದ್ರ ಅವರಿಗಿ ಏನರೆ ಆಗ್ತದ ಅಂದ್ಳು. ನೀವ್ ಹೇಳ್ದಂಗೇ ಸಿಗ್ನಲ್‌ಗೇ ಹೊಂಟಿದ್ಳು. ಅಕಿ ಮ್ಯಾಲ ಸಿಟ್ಟಿಟಗೋಬ್ಯಾಡ್ರಿ."

"ಇಲ್ಲ," ಎಂದೆ. "ಸಿಟ್ಟಿಲ್ಲ."

"ಅಷ್ಟ್ ಸಾಕ್ರಿ," ಎಂದು ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಕೆಲಸಕ್ಕೆ ಹೊತ್ತಾಯಿತೆಂದು ಹೊರಟಳು. ರಸ್ತೆಯ ಅಂಚಿನಲ್ಲಿ ಒಂದು ಬಸ್ಸು ಹೋಗುವವರೆಗೆ ನಿಂತು, ರೈಲಿಂಗ್ ಹಾರಿ, ಎರಡೇ ನಿಮಿಷದಲ್ಲಿ ಆಚೆ ಬದಿ ಸೇರಿದಳು.