ಗಾಜಿಗೆ ತಾಗದ ಬೆರಳು

ಲ್ಯಾಪ್‌ಟಾಪಿನಲ್ಲಿ ಬಿಳಿ ಚುಕ್ಕಿಯೊಂದು ಮೂಡಿತು, ಮಾಯವಾಯಿತು, ಈಗ ಎರಡು, ಈಗ ಅಂಚಿನುದ್ದಕ್ಕೂ ಒಂದು ಸಾಲು — ಯಾರೂ ಮುಟ್ಟಿಲ್ಲವಲ್ಲ, ಅವ್ವನ ಎಡಗೈ ಇನ್ನೂ ಚಾದರದ ಮೇಲಿದೆ, ನನ್ನ ಕೈ ಲ್ಯಾಪ್‌ಟಾಪಿನ ಮೇಲೆ, ಹಾಗಾದರೆ ಅವ್ವನ ಮುಂದಿಟ್ಟ ಈ ಪರದೆಯ ಗಾಜಿಗೆ ಯಾರ ಬೆರಳು ತಿಳಿಯುತ್ತಿದೆ, ಆಫೀಸಿನಲ್ಲಿ ಇದಕ್ಕೆ ದೆವ್ವದ ಬೆರಳು ಎಂದು ಹೆಸರಿಟ್ಟು ನಗುತ್ತೇವೆ, ಇಲ್ಲಿ ಅವ್ವನ ಮಂಚದ ಪಕ್ಕ ಕೂತು ನೋಡಿದರೆ ನಗು ಬರುವುದಿಲ್ಲ — ಚಾರ್ಜರ್, ಹೌದು, ಚಾರ್ಜರೇ ಇರಬೇಕು, ಧನಕವಡಿಯ ಈ ಹಳೆಯ ಕಟ್ಟಡದಲ್ಲಿ ಅರ್ಥಿಂಗ್ ಎಂಬುದು ಹೆಸರಿಗೆ ಮಾತ್ರ, ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಗೋಡೆಯ ಕರೆಂಟಿನ ಹೊಲಸೆಲ್ಲ ವೈರಿನೊಳಗಿಂದ ಹರಿದು ಪರದೆಗೆ ಬಂದಿದೆ. ಪ್ಲಗ್ ಕಿತ್ತೆ. ಚುಕ್ಕಿಗಳೆಲ್ಲ ಆರಿದವು. ಲ್ಯಾಪ್‌ಟಾಪಿನಲ್ಲಿ ಈಗ ಬರೀ ಕಪ್ಪು ಚೌಕಗಳು, ತೊಳೆದಿಟ್ಟ ಹಂಚಿನ ಹಾಗೆ. ಭಾನುವಾರದ ಬೆಳಕು ಕಿಟಕಿಯ ಸರಳಿನಿಂದ ಅವ್ವನ ಮೊಣಕಾಲ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿದೆ, ಹೊರಗಿನ ಕೋಣೆಯಲ್ಲಿ ಅಪ್ಪನ ಟಿವಿ, ಮರಾಠಿ ಸುದ್ದಿ, ಯಾರೋ ಯಾರ ಮೇಲೋ ಕೂಗಾಡುತ್ತಿದ್ದಾರೆ, ಅವ್ವಾ, ಮುಟ್ಟು, ನಿನಗೆ ಏನು ಬೇಕೋ ಅದರ ಚಿತ್ರದ ಮೇಲೆ ಬೆರಳಿಡು, ಇವತ್ತೊಂದು ದಿನ, ನಾಳೆ ಮಾತು ಕಲಿಸುವ ದೀಪಾಲಿ ಬಂದುಬಿಡುತ್ತಾಳೆ.

ನೀ ಅಲ್ಲಿ ಹಿಂಜವಾಡಿಯಾಗ ದಿನಾ ಏನ ಮಾಡ್ತಿ, ಅಂತ ಇದೇ ಅವ್ವ ಒಮ್ಮೆ ಕೇಳಿದ್ದಳು, ಮಡಿಲಲ್ಲಿ ಯಾರದೋ ಸೀರೆ, ಕೈಯಲ್ಲಿ ಸೂಜಿ, ಓಣಿಯ ಹೆಂಗಸರ ಸೀರೆಗೆಲ್ಲ ಫಾಲ್ ಹಚ್ಚಿಕೊಡುತ್ತಿದ್ದ ಕಾಲ, ಹೊಲಿಗೆ ಹೊರಗಿನಿಂದ ಕಾಣಬಾರದು ಎಂಬ ಹಟ ಬೇರೆ. ನಾನು ಹೇಳಿದೆ, ನೋಡವ್ವಾ, ಮೊದಲು ಚಿತ್ರ ತೋರಿಸೋ ಪರದೆ ಕೆಳಗ ಇರ್ತಿತ್ತು, ಬೆರಳು ಗುರುತಿಸೋ ಗಾಜು ಬ್ಯಾರೆ, ಅದನ್ನ ಮ್ಯಾಲ ಅಂಟಸ್ತಿದ್ರು, ಸೀರಿಗೆ ಫಾಲ್ ಹಚ್ಚಿದಂಗ, ಈಗ ನಾವು ಆ ಗಾಜು ತಗದು ಮುಟ್ಟೂದನ್ನೂ ಪರದೆಯ ಹೊಟ್ಟಿಯೊಳಗ ಇಡ್ತೀವಿ, ಚಿತ್ರ ಮೂಡಿಸೋ ಪದರನ ಬೆರಳನ್ನೂ ಗುರುತಿಸ್ತದ. ಅವ್ವ ದಾರ ಹಲ್ಲಿನಿಂದ ಕಡಿದು, ಹಂಗಾರ ನೇಯುವಾಗನ ಫಾಲ್ ನೇಯ್ದ ಬಿಡ್ತೀರಿ, ನನ್ನ ಕೆಲಸಾ ಹೋತು ಬಿಡು, ಎಂದು ನಕ್ಕಳು, ಮೈಯೆಲ್ಲ ಕುಲುಕುವಂತೆ, ಆ ನಗೆಗೆ ಅಪ್ಪನೂ ಪೇಪರಿನಿಂದ ತಲೆ ಎತ್ತಿದ್ದ. ಒಂದೇ ಪದರ, ಎರಡು ಕೆಲಸ, ಅದಕ್ಕೆ ಸರದಿ ಹಚ್ಚಬೇಕು, ಕಣ್ಣಿಗೆ ತಿಳಿಯದಷ್ಟು ಚಿಕ್ಕ ಸರದಿ, ಒಂದು ಚಣ ಚಿತ್ರ, ಒಂದು ಚಣ ಬೆರಳು, ಸರದಿ ತಪ್ಪಿದರೆ ಚಿತ್ರದ ಗದ್ದಲದಲ್ಲಿ ಬೆರಳು ಮುಳುಗಿಹೋಗುತ್ತದೆ — ಗದ್ದಲ ಯಾವುದು, ಬೆರಳು ಯಾವುದು ಎಂದು ಬೇರೆ ಮಾಡುವುದೇ ನನ್ನ ನೌಕರಿ, ಅದಕ್ಕೇ ಸಂಬಳ, ಅದಕ್ಕೇ ಕಂಪನಿಯ ಬಸ್ಸಿನಲ್ಲಿ ದಿನಾ ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದು.

ಆಮೇಲೆ ಶಿವರಾತ್ರಿಯ ಮರುದಿನ. ಅವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು, ದಾರ ಸೂಜಿಯ ಕಣ್ಣಿನ ಪಕ್ಕದಲ್ಲಿ ಹೋಯಿತು, ಮತ್ತೆ ಪಕ್ಕದಲ್ಲಿ, ಅಪ್ಪ ನಗುತ್ತ, ಚಾಳೀಸ ಬಂತೇನ ನಿನಗ ಅಂದ, ಅವ್ವ ಉತ್ತರ ಕೊಡಲಿಲ್ಲ, ಉತ್ತರ ಕೊಡದ ಅವ್ವನನ್ನು ನಾವು ಅದೇ ಮೊದಲು ನೋಡಿದ್ದು, ಬಾಯಿ ಒಂದು ಕಡೆ ಜಾರಿತು, ಸೀರೆ ಮಡಿಲಿನಿಂದ ಜಾರಿತು. ಲಕ್ವಾ, ಮಿದುಳಿನ ಎಡಭಾಗ ಎಂದರು ಆಸ್ಪತ್ರೆಯಲ್ಲಿ, ಬಲಗೈ, ಬಲಗಾಲು, ಮಾತು, ಮೂರನ್ನೂ ಒಮ್ಮೆಗೇ ತೆಗೆದುಕೊಂಡು ಹೋಯಿತು, ಹಾಲಿನವನ ಜೊತೆ ಮರಾಠಿ, ಮೇಲಿನ ಮನೆಯವರ ಜೊತೆ ಹಿಂದಿ, ನಮ್ಮ ಜೊತೆ ವಿಜಾಪುರದ ಕನ್ನಡ, ಮೂರೂ ಭಾಷೆ, ಒಂದನ್ನೂ ಬಿಡದೆ.

ದೀಪಾಲಿ ಒಳ್ಳೆಯ ಹುಡುಗಿ, ಮಾತು ಕಲಿಸಲು ವಾರಕ್ಕೊಮ್ಮೆ ಬರುತ್ತಾಳೆ, ಚಪ್ಪಲಿ ಹೊರಗೆ ಬಿಟ್ಟು ಕೈ ತೊಳೆದುಕೊಂಡೇ ಅವ್ವನ ಹತ್ತಿರ ಕೂಡುತ್ತಾಳೆ. ಟ್ಯಾಬ್ ತಂದುಕೊಟ್ಟವಳೂ ಅವಳೇ, ಚಿತ್ರದ ಚೌಕಗಳು, ನೀರು, ಚಹಾ, ಊಟ, ಬಚ್ಚಲು, ನೋವು, ಫ್ಯಾನು, ಮುಟ್ಟಿದರೆ ಒಳಗಿನಿಂದ ಒಬ್ಬ ಹೆಂಗಸು ಮಾತಾಡುತ್ತಾಳೆ, ಬೆಂಗಳೂರು ಕಡೆಯ ನುಣುಪು ದನಿ, ನನಗೆ ನೀರು ಬೇಕು, ನನಗೆ ನೋವಾಗುತ್ತಿದೆ. ಆಯೀ, ಇಥೇ ಬೋಟ್ ಠೇವಾ, ಇಲ್ಲಿ ಬೆರಳಿಡಿ ಎಂದು ದೀಪಾಲಿ ತೋರಿಸಿದಳು, ಮೊದಲ ದಿನವೇ ಅವ್ವ ಚಹಾ ಮುಟ್ಟಿದಳು, ಅಪ್ಪ ಒಳಗೆ ಬಂದದ್ದೇ ತಡ ಮುಟ್ಟಿದಳು, ನನಗೆ ಚಹಾ ಬೇಕು ಅಂದಿತು ದನಿ, ನಾವೆಲ್ಲ ಚಪ್ಪಾಳೆ ಹೊಡೆದೆವು, ಎಂದೂ ಒಲೆಯ ಮುಂದೆ ನಿಲ್ಲದ ಅಪ್ಪ ತಾನೇ ಚಹಾ ಮಾಡಿದ, ಬಸಿಗೆ ಸುರಿದು ಊದಿ ಬಾಯಿಗೆ ಹಿಡಿದ. ಅವ್ವ ಮುಖ ತಿರುಗಿಸಿದಳು. ಮತ್ತೆ ಚಹಾ ಮುಟ್ಟಿದಳು, ನನಗೆ ಚಹಾ ಬೇಕು, ಅಪ್ಪ ಮತ್ತೆ ಹಿಡಿದ, ಅವ್ವ ಮತ್ತೆ ಮುಟ್ಟಿದಳು, ನನಗೆ ಚಹಾ ಬೇಕು, ತಗೋ ಅಂದ್ರ ತಗೊಳ್ಳವಲ್ಲಿ, ಬ್ಯಾಡ ಅಂದ್ರ ಬೇಕಂತಿ, ಏನ ಮಾಡ್ಲಿ ನಾ, ಅಂದ ಅಪ್ಪ, ಅವ್ವ ಎಡಗೈಯಿಂದ ತಳ್ಳಿದಳು, ಬಸಿ ಒಡೆಯಿತು, ಚಹಾ ಅಪ್ಪನ ಧೋತರದ ಮೇಲೆ. ಅಪ್ಪ ಅಡಿಗೆಮನೆಗೆ ಹೋಗಿ ನಲ್ಲಿ ತಿರುವಿ ಬಹಳ ಹೊತ್ತು ನಿಂತ, ಧೋತರ ತೊಳೆಯುತ್ತಿರಲಿಲ್ಲ, ನೀರು ಸುಮ್ಮನೆ ಹರಿಯುತ್ತಿತ್ತು.

ಮತ್ತೆರಡು ಸಲ ಹಾಗೇ ಆಯಿತು, ಆಮೇಲೆ ಅವ್ವ ಮುಟ್ಟುವುದನ್ನೇ ಬಿಟ್ಟಳು. ದೀಪಾಲಿ ನನ್ನನ್ನು ಬಾಗಿಲ ಹತ್ತಿರ ಕರೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು, ಅಕ್ಕಾ, ಹೆಸರಿಗೂ ವಸ್ತುವಿಗೂ ಇರುವ ಗಂಟು ಬಿಚ್ಚಿಹೋಗಿರಬಹುದು, ಚಹಾ ಅಂದರೆ ಏನೆಂದೇ ತಿಳಿಯದಿರಬಹುದು, ಮುಂದಿನ ಸೋಮವಾರದವರೆಗೆ ನೋಡೋಣ, ಆಗಲೂ ಮುಟ್ಟದಿದ್ದರೆ ಇದನ್ನು ತೆಗೆದಿಡೋಣ, ಅವರಿಗೆ ತ್ರಾಸು ಕೊಡುವುದು ಬೇಡ. ಹೇಳುವಾಗ ಅವಳ ಕಣ್ಣುಗಳೂ ಒದ್ದೆಯಾಗಿದ್ದವು. ಅವತ್ತಿನಿಂದ ಮನೆಯಲ್ಲಿ ಏನೋ ಬದಲಾಯಿತು, ಅಪ್ಪ ಅವ್ವನನ್ನು ಮಾತಾಡಿಸುವುದು ಬಿಟ್ಟು ನನ್ನನ್ನು ಕೇಳುತ್ತಾನೆ, ಇಕಿ ಉಂಡಳೇನು, ಇಕಿಗೆ ಸೆಕಿ ಆಗ್ತದೇನು, ಇಕಿ ಅಲ್ಲೇ ಇದ್ದಾಳೆ, ಕೈಯಳತೆಯಲ್ಲಿ, ಕಣ್ಣು ತೆರೆದು, ನೋಡಲು ಬಂದ ನೆಂಟರು ಅವಳ ತಲೆಯ ಮೇಲಿಂದಲೇ ಮಾತಾಡಿದರು, ಎಷ್ಟ ದಿನಾ ಅಂತ ಹಿಂಗ, ದೇವರು ಬೇಗ ಕಣ್ಣ ತಗೀಬೇಕು, ಅಪ್ಪ ಅವರಿಗೆ ಸುಮ್ಮನಿರಿ ಅನ್ನಲಿಲ್ಲ, ಕೇಳಿಸುವುದಿಲ್ಲ ಎಂದಲ್ಲ, ತಿಳಿಯುವುದಿಲ್ಲ ಎಂದು ನಂಬಿಬಿಟ್ಟಿದ್ದ, ನಂಬಿದರೆ ನೋವು ಕಡಿಮೆಯೇನೋ. ನಾನು ನಂಬಲಾರೆ. ನನಗೆ ಗೊತ್ತಿರುವುದು ಬೆರಳು, ಬೆರಳು ಒಣಗಿದ್ದರೆ ಪರದೆಗೆ ತಿಳಿಯುವುದಿಲ್ಲ, ತಣ್ಣಗಿದ್ದರೆ, ನಡುಗಿದರೆ ಗದ್ದಲವೆಂದು ಬಿಟ್ಟುಬಿಡುತ್ತದೆ, ಅವ್ವ ಮುಟ್ಟುತ್ತಿದ್ದಾಳೆ, ಗಾಜಿಗೆ ಕೇಳಿಸುತ್ತಿಲ್ಲ, ಹಾಗೇ ಇರಬೇಕು, ಅಥವಾ ಎಡಗೈ ಎಂದೇ ಹಿಂಜರಿಯುತ್ತಾಳೇನೋ, ಜೀವಮಾನವಿಡೀ ಯಾರಿಗೂ ಎಡಗೈಯಿಂದ ಒಂದು ಲೋಟ ನೀರು ಕೊಟ್ಟವಳಲ್ಲ.

ಅಂಗಡಿಯ ಟ್ಯಾಬ್ ತನ್ನ ಹೊಟ್ಟೆಯೊಳಗಿನದನ್ನು ತೋರಿಸುವುದಿಲ್ಲ, ನಮ್ಮ ಲ್ಯಾಬಿನ ಪರದೆ ತೋರಿಸುತ್ತದೆ, ಬೆರಳು ತಾಗಿದರೆ ಬಿಳಿ, ತಾಗದೆ ಹತ್ತಿರ ಬಂದರೂ ಮಸುಕು ಬೂದಿ, ಎಲ್ಲವೂ ಲ್ಯಾಪ್‌ಟಾಪಿನಲ್ಲಿ ಬಯಲು. ಶುಕ್ರವಾರ ಬಾಳಕೃಷ್ಣ ಸರ್ ಟೇಬಲ್ಲಿನ ಮುಂದೆ ನಿಂತು ಅದನ್ನು ಮನೆಗೆ ಒಯ್ಯಲೇ ಎಂದು ಕೇಳಿದೆ, ಮಂಡ್ಯದವರು, ನನ್ನ ಮ್ಯಾನೇಜರ್, ಕೇಳಿದರೆ ಇಲ್ಲ ಎನ್ನುತ್ತಾರೆಂದುಕೊಂಡಿದ್ದೆ, ತಗೊಂಡ್ ಹೋಗಿ ಶೈಲಶ್ರೀ, ಮಂಡೇ ವಾಪಸ್ ಬಂದ್ರೆ ಸಾಕು, ಅಮ್ಮನ ಬೆರಳಿಗಿಂತ ಒಳ್ಳೆ ಟೆಸ್ಟ್ ಕೇಸ್ ನಮಗೆಲ್ಲಿ ಸಿಗುತ್ತೆ, ಅಂದವರು ಆ ಮಾತು ತಮ್ಮ ಕಿವಿಗೇ ಬಿದ್ದ ಹಾಗೆ ಮುಖ ಕೆಂಪಗೆ ಮಾಡಿಕೊಂಡು, ಸಾರಿ, ಹಾಗಲ್ಲ, ಅಂತ ಪರದೆಯನ್ನು ತಾವೇ ಬಬಲ್ ಶೀಟಿನಲ್ಲಿ ಸುತ್ತಿಕೊಟ್ಟರು. ನಿನ್ನೆಯೆಲ್ಲ ಕೂತು ಟ್ಯಾಬಿನ ಅವೇ ಚಿತ್ರಗಳನ್ನು, ಅದೇ ದನಿಯನ್ನು ಇದಕ್ಕೆ ಹಾಕಿದೆ.

ಬೂದಿ. ಅಲ್ಲಿ, ಬಂತು, ಬೂದಿ ಬಣ್ಣದ ಒಂದು ಮಚ್ಚೆ, ಅವ್ವನ ಕೈ ಚಾದರದಿಂದ ಎದ್ದಿದೆ — ನಾನು ಕೈ ನೋಡುತ್ತಿಲ್ಲ, ಲ್ಯಾಪ್‌ಟಾಪ್ ನೋಡುತ್ತಿದ್ದೇನೆ, ನೀರಿನ ಮೇಲೆ ಬಂತು, ನಿಲ್ಲಲಿಲ್ಲ, ಊಟ ದಾಟಿತು, ಚಹಾ. ಚಹಾದ ಮೇಲೆ ನಿಂತಿತು. ನಡುಗುತ್ತದೆ ಎಂದು ಕಾದೆ, ನಡುಗಲಿಲ್ಲ. ಅದೆಂಥ ನಿಲುವು, ಸೂಜಿಯ ಕಣ್ಣಿನ ಮುಂದೆ ದಾರ ಹಿಡಿದು ನಿಂತ ಬೆರಳು, ಮಚ್ಚೆ ಬಿಳಿಯಾಗುತ್ತಿಲ್ಲ, ಬೂದಿ, ಬೂದಿಯೇ, ಗಾಜಿಗೂ ಬೆರಳಿಗೂ ನಡುವೆ ಒಂದು ಎಳೆಯಷ್ಟು ಗಾಳಿ, ಅಷ್ಟೇ, ಶಕ್ತಿ ಸಾಲುತ್ತಿಲ್ಲ ಪಾಪ, ಒತ್ತಲಾರಳು, ಅದಕ್ಕೆ ನನ್ನ ಹತ್ತಿರ ಉಪಾಯವಿದೆ, ಎಷ್ಟು ಗುರುತು ಸಿಕ್ಕರೆ ಮುಟ್ಟಿದ ಹಾಗೆ ಎಂಬ ಗೆರೆ ನನ್ನ ಕೈಯಲ್ಲೇ ಇದೆ, ಇಳಿಸಿದೆ, ಇನ್ನೂ ಇಳಿಸಿದೆ, ಬೂದಿಗೂ ತಾಗುವಷ್ಟು, ಎಂಟರ್ ಒತ್ತಿದೆ. ನನಗೆ ಚಹಾ ಬೇಕು, ಅಂದಿತು ದನಿ. ಗೆದ್ದೆ ಎಂದು ತಲೆ ಎತ್ತಿದರೆ — ಅವ್ವನ ಕೈ ಕೆಂಡ ತಾಗಿದ ಹಾಗೆ ಹಿಂದೆ ಸರಿದಿದೆ. ಕಣ್ಣು ಬಿಗಿಯಾಗಿ ಮುಚ್ಚಿದ್ದಾಳೆ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಕೆನ್ನೆಗೆ ಇಳಿಯುತ್ತಿದೆ, ಜಾರಿದ ತುಟಿಯ ಕಡೆಗೆ.

ಶಕ್ತಿ ಸಾಲದ್ದಲ್ಲ. ಒಣಗಿದ್ದಲ್ಲ, ತಣ್ಣಗಿದ್ದದ್ದಲ್ಲ. ಅವ್ವ ಬೆರಳನ್ನು ತಡೆದು ಹಿಡಿದಿದ್ದಳು, ಅಷ್ಟು ಹತ್ತಿರ ಒಯ್ದು, ಚಹಾದ ಚಿತ್ರದ ಮೇಲೇ ಒಯ್ದು, ಬೇಕೆಂದೇ ನಿಲ್ಲಿಸಿದ್ದಳು, ಮುಟ್ಟಿದರೆ ಆ ಹೆಂಗಸು ಮಾತಾಡುತ್ತಾಳೆ, ಅವ್ವನ ಬದಲಿಗೆ ಅವಳು, ಅವ್ವ ಅನ್ನದ್ದನ್ನು ಅವಳು — ನಾನು ಗದ್ದಲ ಯಾವುದು ಬೆರಳು ಯಾವುದು ಎಂದು ಹುಡುಕುತ್ತ ಕೂತಿದ್ದೆ, ಗದ್ದಲ ಸ್ಪೀಕರಿನಲ್ಲಿತ್ತು. ಗೆರೆಯನ್ನು ಮೊದಲಿದ್ದಲ್ಲಿಗೇ ಏರಿಸಿದೆ. ದನಿಯನ್ನು ಪೂರ್ತಿ ಆರಿಸಿದೆ. ಕಣ್ಣು ತಗೀ ಅವ್ವಾ, ಅಂದೆ, ಕೆನ್ನೆ ಒರೆಸಿದೆ, ಆಕಿ ಬಾಯಿ ಮುಚ್ಚಿಸೀನಿ, ಇನ್ನ ಆಕಿ ಮಾತಾಡೂದಿಲ್ಲ, ನೀ ಏನ ಹೇಳ್ತಿ ಹೇಳು, ನಾ ನೋಡತೀನಿ. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು, ನಂಬಿಕೆ ಬರಲಿಲ್ಲ, ನಾನೇ ನೀರು ಮುಟ್ಟಿ ತೋರಿಸಿದೆ, ದನಿಯಿಲ್ಲ, ಬಚ್ಚಲು ಮುಟ್ಟಿದೆ, ದನಿಯಿಲ್ಲ. ಕೈ ಎದ್ದಿತು. ಬೂದಿ ಬಂತು, ಚಹಾದ ಮೇಲೆ ನಿಂತಿತು, ನಿಂತೇ ಇತ್ತು, ಆಮೇಲೆ ನಡುವಿನಿಂದ ಹೂ ಬಿಚ್ಚಿದ ಹಾಗೆ ಬಿಳಿಯಾಯಿತು.

ಆಗ ಏನೋ ಅಂದ್ಳಲ್ಲ, ಟಿವಿಯಾಗ ಕೇಳಸಲಿಲ್ಲ, ಎಂದು ಅಪ್ಪ ಹೊರಗಿನಿಂದ ಕೂಗಿದ, ದನಿ ಬಂದರೆ ಅಲ್ಲೇ ಕೂತು ಕೇಳಿಸಿಕೊಳ್ಳುವ ರೂಢಿ. ಬಂದ ನೋಡ್ರಿ ಅಪ್ಪಾ, ಅಂದೆ. ಟಿವಿ ನಿಂತಿತು, ಅಪ್ಪ ಚಾಳೀಸಿನ ಕನ್ನಡಕ ಹುಡುಕಿಕೊಂಡು ಬಂದ, ನಿಂತರೆ ಕಾಣುವುದಿಲ್ಲ, ಮಂಚದ ಮೇಲೇ ಕೂಡಬೇಕಾಯಿತು, ಬಸಿ ಒಡೆದ ದಿನದಿಂದ ಅಲ್ಲಿ ಕೂತಿರಲಿಲ್ಲ. ಮತ್ತ ಚಹಾ ಏನು, ಬ್ಯಾಡವಾ ಶೈಲಾ, ಮತ್ತ ಚೆಲ್ಲತಾಳ, ಅಂದ. ಅವ್ವ ತಲೆ ಅಲ್ಲಾಡಿಸಿದಳು, ಅಲ್ಲ ಎಂದು, ಸ್ಪಷ್ಟವಾಗಿ ಅಲ್ಲ ಎಂದು. ಚಹಾ ಮುಟ್ಟಿದಳು. ಬೆರಳನ್ನು ಎತ್ತಿ ಅಪ್ಪನ ಎದೆಗೆ ಇಟ್ಟಳು, ಅಂಗಿಯ ಗುಂಡಿಯ ಮೇಲೆ. ಮತ್ತೆ ಚಹಾ, ಮತ್ತೆ ಅಪ್ಪನ ಎದೆ, ಹುಬ್ಬು ಮೇಲೇರಿಸಿದಳು, ಕೇಳುವವರ ಹುಬ್ಬು. ನನಗ? ಅಂದ ಅಪ್ಪ. ನಾ ಚಹಾ — ಅಂದು ನಿಂತ. ಆತು, ಅಂದ, ಆತ ಮಾರಾಯ್ತಿ, ಮುಂಜಾನೆನ ಆತು, ಶೈಲಾ ಮಾಡಿಕೊಟ್ಳು, ನಿನ್ನಂಗ ಆಗಲಿಲ್ಲ, ಸಕ್ರಿ ಕಮ್ಮಿ, ಅನ್ನುತ್ತ ಅವ್ವನ ಕೈಯನ್ನು ಎದೆಗೇ ಒತ್ತಿ ಹಿಡಿದುಕೊಂಡ, ನನಗೆ ಕಾಣದ ಹಾಗೆ ಮುಖ ಗೋಡೆಗೆ ತಿರುಗಿಸಿದ.

ಚಹಾ ಆತೇನ್ರಿ, ಚಹಾ ಕುಡದ್ರಿ, ಬಾಗಿಲಿಗೆ ಬಂದವರಿಗೆಲ್ಲ ಇದೊಂದನ್ನೇ ಕೇಳುತ್ತಿದ್ದವಳು, ಇಷ್ಟು ದಿನ ಇದನ್ನೇ ಕೇಳುತ್ತಿದ್ದಳು, ಆ ಚಿತ್ರಕ್ಕೆ ಬೇಕು ಎನ್ನುವುದೊಂದೇ ಮಾತು ಗೊತ್ತಿತ್ತು, ಕೇಳಿದ್ದಕ್ಕೆಲ್ಲ ನಾವು ಬಸಿ ಹಿಡಿದೆವು, ತಿಳಿಯುವುದಿಲ್ಲ ಎಂದೆವು, ನಾಳೆ ದೀಪಾಲಿಗೆ ಹೇಗೆ ಹೇಳಲಿ, ಮರಾಠಿಯಲ್ಲಿ ಹೇಗೆ, ಅವಳಿಗೂ ಮೊದಲು ಚಹಾ ಆತೇನು ಎಂದು ಅವ್ವನೇ ಕೇಳಲಿ, ದೀಪಾಲಿ ಹತ್ತಿರ ಕೂತು ನೋಡಲಿ — ಅವ್ವ ಅಪ್ಪನಿಂದ ಕೈ ಬಿಡಿಸಿಕೊಂಡಳು. ಚಹಾ ಮುಟ್ಟಿದಳು. ಈಗ ಬೆರಳು ಎದ್ದಿದೆ, ಅಪ್ಪನ ಕಡೆಗಲ್ಲ, ಹುಬ್ಬು ಮೇಲೇರಿದೆ, ನಾನು ಕುಡಿದಿಲ್ಲ ಅವ್ವಾ, ಅಪ್ಪನಿಗೆ ಕೊಟ್ಟವಳೇ ಲ್ಯಾಪ್‌ಟಾಪ್ ತೆರೆದೆ, ಹೇಳಬೇಕು, ಬೆರಳು ಅಲ್ಲೇ ಇದೆ, ಗಾಜಿನ ಮೇಲಲ್ಲ, ಗಾಳಿಯಲ್ಲಿ, ನನ್ನ ಕಡೆಗೆ, ನಡುಗದೆ, ಇನ್ನೂ ಅಲ್ಲೇ, ಬೆರಳು —