ಹಗ್ಗದ ಒಳಗೆ ಬಾಬೆಟ್ಟಾ

ನನ್ನ ಅತ್ತೆ ಬಾಬೆಟ್ಟಾಗೆ ಹೆಂಗಸರಿಗೆ ಓಟು ಅಂದರೆ ಮೈಯೆಲ್ಲ ಉರಿ. ಹಾಗೆ ಉರಿಯುವ ಗಂಡಸರು ನಮ್ಮ ಅಪ್ಪೆನ್ಸೆಲ್ ನಾಡಿನಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಇದ್ದರು. ಅವರನ್ನು ನಾನು ಲೆಕ್ಕಕ್ಕಿಟ್ಟವಳಲ್ಲ. ಆದರೆ ಕತ್ತಲಲ್ಲೇ ಎದ್ದು ಕೊಟ್ಟಿಗೆ ತೊಳೆದು, ಹಾಲು ಕಾಸಿ ಚೀಸ್ ಮಾಡಿ, ಇಡೀ ಮನೆಯನ್ನು ಬೆರಳ ತುದಿಯಲ್ಲಿ ಆಡಿಸುವ ಹೆಂಗಸು ಹಾಗೆಂದರೆ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

"ಮನೆಗೊಂದು ಕೈ ಸಾಕು ಕಣೇ ಒಟ್ಟೀಲಿ," ಎನ್ನುತ್ತಿದ್ದರು ಅತ್ತೆ. ಒಟ್ಟೀಲಿ ಎನ್ನುವುದು ನನ್ನ ಹೆಸರು. "ಒಂದೇ ಗಾಡೀಲಿ ಇಬ್ರು ಲಗಾಮು ಹಿಡಿದ್ರೆ ಕುದುರೆ ಹಳ್ಳಕ್ಕೇ ಹೋಗೋದು."

"ಕುದುರೆ ಈಗ್ಲೂ ಹಳ್ಳದಲ್ಲೇ ಇದೆ ಅತ್ತೆ. ನಿಮಗೆ ಕಾಣ್ತಿಲ್ಲ ಅಷ್ಟೆ."

"ಕಾಣುತ್ತೆ, ಕಾಣುತ್ತೆ. ಅದನ್ನ ಮೇಲಕ್ಕೆತ್ತೋಕೆ ನಿನ್ನ ನಾಲಿಗೆ ಸಾಲದು."

ಅತ್ತೆಯ ಮಾತಿನ ಆ ಕೈ ಬರೀ ಮಾತಿನ ಕೈಯಲ್ಲ. ನಮ್ಮಲ್ಲಿ ಓಟಿಗೆ ಪೆಟ್ಟಿಗೆಯಿಲ್ಲ, ಪರದೆಯಿಲ್ಲ. ಏಪ್ರಿಲ್ಲಿನ ಕೊನೆಯ ಭಾನುವಾರ ನಾಡಸಭೆ. ಚೌಕದಲ್ಲಿ ಹಗ್ಗ ಕಟ್ಟುತ್ತಾರೆ. ಗಂಡಸರು ಅಪ್ಪನಿಂದ, ಅಜ್ಜನಿಂದ ಬಂದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಗ್ಗದ ಒಳಗೆ ಹೋಗುತ್ತಾರೆ. ಓಟಿನ ಗುರುತು ಆ ಕತ್ತಿಯೇ. ನಾಡಿನ ಅಧ್ಯಕ್ಷ, ನಾವು ಲಾಂಡಮಾನ್ ಎನ್ನುತ್ತೇವೆ, ಒಂದೊಂದೇ ಪ್ರಸ್ತಾಪವನ್ನು ಮುಂದಿಡುತ್ತಾನೆ, ಮೊದಲು ಬೇಕೆಂದವರು, ಆಮೇಲೆ ಬೇಡವೆಂದವರು ಹಾಡಹಗಲಲ್ಲಿ ಎಲ್ಲರ ಎದುರು ಕೈ ಎತ್ತುತ್ತಾರೆ. ಯಾರ ಕೈ ಯಾವುದಕ್ಕೆ ಎದ್ದಿತು ಎಂದು ಕಿಟಕಿಯಲ್ಲಿ ನಿಂತ ನಮಗೂ ಗೊತ್ತಾಗುತ್ತಿತ್ತು. ಅಷ್ಟು ನೇರವಾದ ಜನ ನಾವು ಎಂದು ನನಗೆ ಚಿಕ್ಕಂದಿನಿಂದಲೂ ಹೆಮ್ಮೆ. ಕಿಟಕಿಯಲ್ಲಿ ನಿಂತು ಹೆಮ್ಮೆಪಡುವುದು ಮಾತ್ರ ನನಗೆ ಸಾಕಾಗಿಹೋಗಿತ್ತು.

ಹೋದ ವರ್ಷ ಅದೇ ಗಂಡಸರ ಮುಂದೆ ಹೆಂಗಸರ ಓಟಿನ ಪ್ರಸ್ತಾಪ ಬಂದಿತ್ತು. ನನ್ನ ಗಂಡ ಸೆಪ್ಪತೋನಿ ಊರಿಗೇ ಉದ್ದ, ಎಲ್ಲಿ ನಿಂತರೂ ಕಾಣುತ್ತಾನೆ. ಬೇಡ ಎನ್ನುವವರು ಕೈ ಎತ್ತಿ ಎಂದಾಗ ಅವನ ಕೈ ಚರ್ಚಿನ ಗೋಪುರದಷ್ಟು ನೆಟ್ಟಗೆ ಎದ್ದಿತು. ಪ್ರಸ್ತಾಪ ಬಿತ್ತು. ಸಭೆ ಮುಗಿಸಿ ಬರುವ ಗಂಡಸರು ಮನೆಯಲ್ಲಿ ಕೂತ ಹೆಂಗಸರಿಗೆ ಬೇಕರಿಯಿಂದ ಬೀಜದ ಹೂರಣ ತುಂಬಿದ ಕಡುಬು ತರುವುದು ನಮ್ಮ ಪದ್ಧತಿ. ಆವತ್ತೂ ತಂದ. ನಾನು ಅದನ್ನು ಅವನ ಕಣ್ಣೆದುರೇ ಹಂದಿಗೆ ಹಾಕಿದೆ.

"ಒಳ್ಳೇ ಕಡುಬು ಕಣೇ ಅದು!" ಎಂದ.

"ಹಂದಿಗೆ ರುಚಿ ಗೊತ್ತು, ಬಿಡು. ಅದಕ್ಕೂ ಓಟಿಲ್ಲ."

ಆಮೇಲೆ ಕೆಲವು ಹೆಂಗಸರು ಲೊಸಾನಿನಲ್ಲಿರುವ ದೇಶದ ದೊಡ್ಡ ಕೋರ್ಟಿಗೆ ಹೋದರು. ಚಳಿಗಾಲ ಹಿಡಿಯುವ ಹೊತ್ತಿಗೆ ತೀರ್ಪು ಬಂತು: ಅಪ್ಪೆನ್ಸೆಲ್ಲಿನ ಹೆಂಗಸರಿಗೂ ಓಟಿದೆ. ವಸಂತದಲ್ಲಿ ಅಂಚೆಯವನು ನಮ್ಮ ಗುಡ್ಡದ ಮನೆಗೆ ಎರಡು ಹಳದಿ ಚೀಟಿ ತಂದುಕೊಟ್ಟ. ಹೆಂಗಸರಿಗೆ ಕತ್ತಿಯಿಲ್ಲವಲ್ಲ, ಅವರ ಗುರುತು ಈ ಚೀಟಿ. ಒಂದು ನನಗೆ, ಒಂದು ಅತ್ತೆಗೆ.

ಅತ್ತೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನು, ಬೆಟ್ಟದ ರೈಲಿನ ಟಿಕೆಟ್ಟಾ?"

"ನಾನು ಹೋಗ್ತೀನಿ ಅತ್ತೆ," ಎಂದೆ.

"ಹೋಗು. ಆದ್ರೆ ಈ ಮನೆ ಹೆಂಗಸು ಹಗ್ಗದೊಳಗೆ ಕಾಲಿಟ್ಟಳೋ, ಆ ಭಾನುವಾರ ನನ್ನ ಮೇಜಿನ ಮೇಲೆ ಅವಳಿಗೆ ತಟ್ಟೆ ಇಲ್ಲ."

ಇದು ತಮಾಷೆಯಲ್ಲ. ಮಾವ ತೀರಿಕೊಂಡ ಮೇಲೆ ಹೊಲ, ಹಸು, ಮನೆ ಎಲ್ಲ ಅತ್ತೆಯ ಹೆಸರಿನಲ್ಲಿ. ಅವರು ಒಮ್ಮೆ ತಟ್ಟೆ ತೆಗೆದರೆ ಮತ್ತೆ ಇಡಿಸುವುದು ಪಾದ್ರಿಯ ಕೈಯಲ್ಲೂ ಆಗದು. ಅವರ ತಂಗಿಗೆ ಹಾಗೆಯೇ ಆಗಿ, ಆಕೆ ಸಾಯುವ ತನಕ ಈ ಹೊಸಿಲು ತುಳಿದಿರಲಿಲ್ಲ. ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೂ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ.

ನಾಡಸಭೆಯ ಹಿಂದಿನ ದಿನ ಮಧ್ಯಾಹ್ನ ಕಾಫಿ ಕುಡಿಯುವಾಗ ಸೆಪ್ಪತೋನಿ ತನ್ನ ಬಾಂಬು ಹಾಕಿದ.

"ನಾಳೆ ನಾನು ಹೋಗಲ್ಲ."

ಅತ್ತೆಯ ಕೈಯಲ್ಲಿದ್ದ ಚಮಚ ನಿಂತಿತು. "ಎಲ್ಲಿಗೆ?"

"ನಾಡಸಭೆಗೆ. ಕೋರ್ಟು ಹೇಳ್ದಂಗೆ ಕುಣಿಯೋ ಸಭೆಗೆ ನಾನ್ಯಾಕೆ ಹೋಗ್ಲಿ? ಕೆಳಗಿನ ಮನೆ ಬಾದಿಷ್ಟ್ ನೆಫ್ ಕೂಡ ಹೋಗಲ್ಲಂತೆ. ಹೆಂಗಸರೇ ನಿಂತ್ಕೊಂಡು ಕೈ ಎತ್ಲಿ, ನೋಡೋಣ."

"ಸೆಪ್ಪತೋನಿ," ಎಂದರು ಅತ್ತೆ, ದನಿ ತಗ್ಗಿಸಿ. ಅವರು ದನಿ ತಗ್ಗಿಸಿದರೆ ನಾಯಿ ಕೂಡ ಮೇಜಿನ ಕೆಳಗೆ ಹೋಗುತ್ತದೆ. "ನಿಮ್ಮಪ್ಪ ಜ್ವರದಲ್ಲಿ ನಡುಗ್ತಾ ಹೋಗಿದ್ರು. ನಿಮ್ಮಜ್ಜ ಮಗು ಮಣ್ಣು ಮಾಡಿದ ಮಾರನೇ ದಿನ ಹೋಗಿದ್ರು. ಈ ಮನೆ ಕೈ ಇಲ್ದೆ ನಾಡಸಭೆ ಒಂದು ಸಲವೂ ನಡೆದಿಲ್ಲ."

"ನಡೀಲಿ ಒಂದ್ಸಲ."

"ನಡಿಯಲ್ಲ. ಮನೆಗೊಂದು ಕೈ ಹೋಗ್ಲೇಬೇಕು. ನೀನು ಕೊಡಲ್ಲ ಅಂದ್ರೆ ನಂದು ಹೋಗುತ್ತೆ."

ನನ್ನ ಕಾಫಿ ನೆತ್ತಿಗೇರಿತು. ಸೆಪ್ಪತೋನಿ ಬಾಯಿ ಬಿಟ್ಟುಕೊಂಡು ಅಮ್ಮನನ್ನು ನೋಡಿದ. "ಅಮ್ಮ, ನೀನು ಹೆಂಗಸರ ಓಟು ಬೇಡ ಅಂತಿದ್ದೆಯಲ್ಲ!"

"ಈಗ್ಲೂ ಬೇಡ ಅಂತೀನಿ. ಬೇಡ ಅಂದ್ರೂ ಹಸು ಕರು ಹಾಕಿದ ಮೇಲೆ ಹಾಲು ಕರೀಬೇಕೋ ಬೇಡ್ವೋ?"

ಇಂಥ ಅವಕಾಶ ಬಿಡುವವಳು ನಾನಲ್ಲ. "ಹಾಗಾದ್ರೆ ಅತ್ತೆ, ನಾಳೆ ಯಾರ್ಯಾರಿಗೆ ತಟ್ಟೆ ಇಲ್ಲ?"

"ಯಾರಿಗೂ ಇಲ್ಲ," ಎಂದರು ಮುಖ ಬಿಗಿದುಕೊಂಡೇ. "ಹೋಟೆಲಲ್ಲಿ ತಿನ್ನೋಣ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಇಬ್ಬರಿಗೂ ಒಂದೇ ದಿನ ಕಾಲ ಬಂದದ್ದನ್ನು ನಾನು ಕಂಡೆ.

ಭಾನುವಾರ ಬೆಳಿಗ್ಗೆ ಅತ್ತೆ ಚರ್ಚಿಗೆ ಉಡುವ ಕರಿ ಬಟ್ಟೆ ಉಟ್ಟು, ಪ್ರಾರ್ಥನೆಯ ಪುಸ್ತಕದೊಳಗೆ ಹಳದಿ ಚೀಟಿ ಇಟ್ಟುಕೊಂಡು ಇಳಿಜಾರು ಇಳಿಯತೊಡಗಿದರು. ಎಪ್ಪತ್ತೆಂಟರ ಮುದುಕಿ, ಮೊಣಕಾಲು ನೋವು, ಆದರೂ ನನ್ನ ಕೈ ಹಿಡಿಯಲಿಲ್ಲ. ಅರ್ಧ ದಾರಿಯಲ್ಲಿ ಹಿಂದಿನಿಂದ ಬೂಟಿನ ಸದ್ದು ಕೇಳಿತು. ಸೆಪ್ಪತೋನಿ. ಕತ್ತಿಯ ಪಟ್ಟಿಯನ್ನು ಇನ್ನೂ ಬಿಗಿದಿರಲಿಲ್ಲ, ಒಂದು ಕೈಯಲ್ಲಿ ಹಿಡಿದುಕೊಂಡು ಓಡಿ ಬರುತ್ತಿದ್ದ. ಅಮ್ಮ ಹೋಗಿ ಮಗ ಮನೆಯಲ್ಲಿ ಕೂತನೆಂಬ ಸುದ್ದಿ ಊರಿಗೆ ಸಿಕ್ಕರೆ ಅವನು ಗುಡ್ಡ ಇಳಿಯುವಂತಿರಲಿಲ್ಲ. ಅತ್ತೆ ತಿರುಗಿಯೂ ನೋಡಲಿಲ್ಲ, ನಡಿಗೆ ಮಾತ್ರ ಸ್ವಲ್ಪ ನಿಧಾನ ಮಾಡಿದರು.

ಚರ್ಚು ಮುಗಿಸಿ ಚೌಕಕ್ಕೆ ಬಂದರೆ ಜನವೋ ಜನ. ಹಗ್ಗದ ಬಾಗಿಲಲ್ಲೇ ಬಾದಿಷ್ಟ್ ನೆಫ್ ನಿಂತಿದ್ದ. ಬರುವುದಿಲ್ಲ ಎಂದು ಊರೆಲ್ಲ ಸಾರಿದ್ದವನು, ಯಾರು ಬಂದರೆಂದು ನೋಡಲು ಎಲ್ಲರಿಗಿಂತ ಮೊದಲೇ ಬಂದಿದ್ದ.

"ಏನು ಬಾಬೆಟ್ಟಾ, ದಾರಿ ತಪ್ಪಿ ಬಂದ್ಯಾ? ಚರ್ಚು ಆ ಕಡೆ."

"ಅಲ್ಲಿಂದಾನೇ ಬಂದೆ ಕಣೋ. ನಿನ್ನನ್ನ ಅಲ್ಲಿ ಕಾಣಲಿಲ್ಲ."

ಸುತ್ತ ನಿಂತವರು ನಕ್ಕರು. ನೆಫ್ ಸೋಲುವವನಲ್ಲ. "ಇಷ್ಟು ಹೆಂಗಸರು ಒಳಗೆ ಬಂದ್ರೆ ಚೌಕದಲ್ಲಿ ಜಾಗ ಎಲ್ಲಿಂದ ಬರುತ್ತೆ?"

"ನಿನ್ನ ಹೊಟ್ಟೆ ಒಳಗೆ ಎಳ್ಕೊ. ನನಗೂ ಸೊಸೆಗೂ ಆಗುತ್ತೆ."

ಹೀಗೆ ನಾವು ಹಗ್ಗದ ಒಳಗೆ ಹೋದೆವು. ಕಿಟಕಿಯಿಂದ ನೋಡಿದ ಚೌಕ ಒಳಗಿನಿಂದ ಬೇರೆಯೇ. ಮೇಲೆ ಕಿಟಕಿಗಳಲ್ಲಿ ಹೊರಗಿನ ಊರಿನವರು ನಮ್ಮನ್ನು ನೋಡುತ್ತಿದ್ದರು. ಮೂರು ಬೆರಳು ಎತ್ತಿ ಪ್ರಮಾಣ ಮಾಡುವ ಹೊತ್ತು ಬಂತು. ಆ ಮಾತುಗಳು ನನಗೆ ಏಳನೇ ವಯಸ್ಸಿನಿಂದಲೇ ಬಾಯಿಪಾಠ, ಆದರೂ ಅರ್ಧ ಮಾತು ಹೊರಗೆ ಬರಲಿಲ್ಲ. ನಾನು ಅಳುವವಳಲ್ಲ. ಆವತ್ತು ಅತ್ತುಬಿಟ್ಟೆ.

ಅಳುತ್ತಲೇ ನನಗೆ ಒಂದು ದಿಗಿಲು ಹಿಡಿಯಿತು. 'ಹೆಂಗಸರು ಗಂಡಂದಿರು ಹೇಳಿದ ಕಡೆ ಕೋಲೆಬಸವನ ಹಾಗೆ ತಲೆ ಆಡಿಸುತ್ತಾರೆ, ಒಂದೇ ಕೈಯನ್ನು ಎರಡು ಸಲ ಎಣಿಸಿ ಏನು ಪ್ರಯೋಜನ' ಎನ್ನುವುದು ಗಂಡಸರ ಹಳೆಯ ವಾದ. ಪಕ್ಕದಲ್ಲಿದ್ದ ಅತ್ತೆ ಬಂದದ್ದು ಮನೆಯ ಕೈಯಾಗಿ. ಈಗ ಮಗನೂ ಇದ್ದಾನೆ. ಅವನ ಮುಖ ನೋಡಿ ಅವರು ಕೈ ಎತ್ತಿದರೆ ನೆಫ್‌ನಂಥವರ ವಾದಕ್ಕೆ ಸಾಕ್ಷಿ ನಮ್ಮ ಮನೆಯಿಂದಲೇ ಹೋಗುತ್ತದೆ. ಮೊದಲ ಎರಡು ಪ್ರಸ್ತಾಪಗಳಲ್ಲಿ ಆದದ್ದೂ ಅದೇ. ಅತ್ತೆ ಮೊದಲು ಮಗನ ಕಡೆ ನೋಡಿದರು, ಆಮೇಲೆ ಕೈ ಎತ್ತಿದರು. ನಾನು ಹಲ್ಲು ಕಚ್ಚಿ ನಿಂತೆ.

ಮೂರನೆಯದು ಗುಡ್ಡಗಾಡಿನ ಒಂಟಿ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸುಗಳನ್ನು ನಾಡಿನ ಖರ್ಚಿನಲ್ಲಿ ಇಡುವ ಪ್ರಸ್ತಾಪ. ವೇದಿಕೆ ಹತ್ತಿ ಒಬ್ಬ ಬೇಕು ಎಂದ, ಇನ್ನೊಬ್ಬ ಇದೆಲ್ಲ ಪಟ್ಟಣದವರ ಸೋಮಾರಿತನ ಎಂದ. ಸೆಪ್ಪತೋನಿ ಅಮ್ಮನ ಕಡೆ ಬಗ್ಗಿ, ಕೇಳುವವರಿಗೆಲ್ಲ ಕೇಳುವಂತೆ ಹೇಳಿದ:

"ನರ್ಸು ಯಾಕೆ ಬೇಕು? ಅಪ್ಪನ್ನ ನಾಲ್ಕು ವರ್ಷ ಮನೇಲೇ ನೋಡ್ಕೊಂಡ್ವಲ್ಲ ನಾವು."

ಅತ್ತೆ ಮೆಲ್ಲಗೆ ತಲೆ ತಿರುಗಿಸಿದರು.

"ನೋಡ್ಕೊಂಡ್ವಾ? ಯಾರು?"

ಮಾವನಿಗೆ ಪಾರ್ಶ್ವವಾಯು ಹೊಡೆದಿತ್ತು. ಆ ದೊಡ್ಡ ದೇಹವನ್ನು ಹೊರಳಿಸುತ್ತಿದ್ದವರು ಅತ್ತೆ ಮತ್ತು ನಾನು. ಬೆನ್ನಿನ ಹುಣ್ಣು ಒರೆಸಿದವರು, ಹೊದಿಕೆ ಒಗೆದವರು, ಗಂಜಿ ಕುಡಿಸಿದವರು ನಾವೇ. ಅತ್ತೆಯ ಮೊಣಕಾಲು ಹೋದದ್ದು ಆ ಮಹಡಿ ಹತ್ತಿ ಇಳಿದೇ. ಸೆಪ್ಪತೋನಿ ಕೆಟ್ಟವನಲ್ಲ. ಸಂಜೆ ಬಂದು ಬಾಗಿಲಲ್ಲಿ ನಿಂತು "ಹೇಗಿದೀಯಪ್ಪ?" ಎಂದು ಕೇಳುತ್ತಿದ್ದ, ಮೂಗಿಗೆ ಕೈ ಹಿಡಿದುಕೊಂಡು ಹೋಗುತ್ತಿದ್ದ. ಅದನ್ನು ಅವನು ನಿಜವಾಗಿಯೂ ನೋಡಿಕೊಂಡದ್ದು ಎಂದೇ ತಿಳಿದಿದ್ದ.

"ಬೇಕೆನ್ನುವವರು ಕೈ ಎತ್ತಿ," ಎಂದ ಲಾಂಡಮಾನ್.

ಅತ್ತೆ ಈ ಸಲ ಮಗನ ಮುಖ ನೋಡಲಿಲ್ಲ. ಪ್ರಾರ್ಥನೆಯ ಪುಸ್ತಕವನ್ನು ನನ್ನ ಕೈಗೆ ತುರುಕಿ, ಬಲಗೈ ಎತ್ತಿದರು. ಭುಜ ನೋಯುತ್ತಿತ್ತೇನೋ, ಎಡಗೈಯಿಂದ ಬಲ ಮೊಣಕೈಗೆ ಆನಿಕೆ ಕೊಟ್ಟು ಇನ್ನಷ್ಟು ಮೇಲೆತ್ತಿದರು. ನಾನೂ ಎತ್ತಿದೆ. ಸೆಪ್ಪತೋನಿ ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಮುಖ ಕೆಂಪಾಯಿತು, ಕೈ ಕೆಳಗೇ ಇತ್ತು. ಬೇಡ ಎನ್ನುವವರ ಸರದಿಯಲ್ಲಿ ನಮ್ಮ ಮೂವರಲ್ಲಿ ಅವನೊಬ್ಬನೇ ನೆಟ್ಟಗೆ ಎತ್ತಿದ. ಮನೆಯ ಇಬ್ಬರು ಹೆಂಗಸರು ಎರಡೂ ಕಡೆಯಿಂದ ನೋಡುತ್ತಿದ್ದರೂ ಎತ್ತಿದ. ನಿಜ ಹೇಳುತ್ತೇನೆ, ನನಗೆ ಅವನ ಮೇಲೂ ಆವತ್ತು ಅಭಿಮಾನ ಬಂತು.

ಪ್ರಸ್ತಾಪ ಸೋತಿತು. ಬೇಡ ಎಂಬ ಕೈಗಳೇ ಹೆಚ್ಚು, ಎಣಿಸಬೇಕಾಗಿಯೂ ಇರಲಿಲ್ಲ. ಅತ್ತೆ ಸುತ್ತಲೂ ಒಂದು ಸಲ ನೋಡಿ, ನನ್ನ ಕೈಯಿಂದ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡರು.

ಹೋಟೆಲಲ್ಲಿ ಬೇಯಿಸಿದ ಸಾಸೇಜು, ಚೀಸ್ ಹಾಕಿದ ಮ್ಯಾಕರೋನಿ. ನಾವು ಮೂವರೂ ಒಂದೇ ಮೇಜಿನಲ್ಲಿ ಕೂತಿದ್ದೆವು. ಬಾದಿಷ್ಟ್ ನೆಫ್ ಬಿಯರ್ ಹಿಡಿದುಕೊಂಡು ಬಂದು ಎದುರು ಕೂತ.

"ಮಗನ ವಿರುದ್ಧಾನೇ ಕೈ ಎತ್ತಿದ್ಯಲ್ಲ ಬಾಬೆಟ್ಟಾ! ಇದಕ್ಕೇ ಬೇಡ ಅಂದಿದ್ದು ನಾವು. ಇಷ್ಟು ವರ್ಷ ನಿಮ್ಮನೇಲಿ ಒಂದೇ ಮಾತು ಇತ್ತು."

"ಇತ್ತು," ಎಂದರು ಅತ್ತೆ, ಸಾಸೇಜು ಕತ್ತರಿಸುತ್ತ. "ಮಾತಾಡ್ತಾ ಇದ್ದೋನು ಒಬ್ಬನೇ ಅಲ್ವಾ."

ನನ್ನ ಎದೆ ಉಬ್ಬಿ ರವಿಕೆಯ ಗುಂಡಿ ಹಾರೀತು ಅನ್ನಿಸಿತು. ಸೆಪ್ಪತೋನಿ ತನ್ನ ಪಾಲಿನ ಸಾಸೇಜಿನಲ್ಲಿ ದೊಡ್ಡ ತುಂಡನ್ನು ಅಮ್ಮನ ತಟ್ಟೆಗೆ ಹಾಕಿದ.

ಅತ್ತೆ ಅದನ್ನು ತಿಂದು ಮುಗಿಸಿ, ಬಾಯಿ ಒರೆಸಿಕೊಂಡು, ನೆಫ್‌ನ ಕಡೆ ತಿರುಗಿದರು. "ಬಾದಿಷ್ಟ್, ಒಂದು ವಿಷ್ಯ ಹೇಳು. ನಾಡಸಭೆಗೆ ಪ್ರಸ್ತಾಪ ತರೋಕೆ ಒಬ್ರೇ ಬರೆದುಕೊಟ್ರೂ ಸಾಕಂತೆ, ಹೌದಾ?"

"ಹೌದು. ನಮ್ಮ ಹಿರಿಯರ ಕಾನೂನು. ಯಾವ ಗಂಡಸು ಬೇಕಾದ್ರೂ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಪೂರ್ತಿ ಹೇಳು."

"ಓಟಿರೋ ಯಾರು ಬೇಕಾದ್ರೂ," ಎಂದ ನೆಫ್, ಬಿಯರಿನ ನೊರೆ ನೋಡುತ್ತ.

"ಹಾಗೆ ಹೇಳು. ಒಟ್ಟೀಲಿ, ಬೇಗ ಊಟ ಮುಗ್ಸು. ನರ್ಸಿನ ವಿಷ್ಯ ಮುಂದಿನ ವರ್ಷಕ್ಕೆ ಬರೆದುಕೊಡೋಣ. ನೀನು ಬರಿ. ವೇದಿಕೆ ಹತ್ತಿ ಮಾತಾಡೋಳು ನಾನು."

"ಅಮ್ಮ," ಎಂದ ಸೆಪ್ಪತೋನಿ, "ಮುಂದಿನ ವರ್ಷವೂ ನಾನು ಬೇಡ ಅಂತಲೇ ಕೈ ಎತ್ತೋದು."

ಅತ್ತೆ ಅವನ ಕಡೆ ನೋಡಿದರು. ಅಂಥ ಪ್ರೀತಿಯಿಂದ ಅವರು ಯಾರನ್ನಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಎತ್ತಪ್ಪ. ನಿನ್ನ ಕೈ ನಿಂದು. ಮನೇಲಿ ಮಾತ್ರ ಕೂತ್ಕೋಬೇಡ."