ನಾಲ್ಕು ಹಲ್ಲಿನ ಬೀಜ

ನನ್ನ ಗಂಡ ಸೋಮಯ್ಯನವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತದೆ ಎಂದು ಅವರು ತಿಳಿದುಕೊಂಡಿದ್ದಾರೆ, ಅದೇ ತೊಂದರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಮಳೆ ಕಳೆದ ಮೇಲೆ, ಎತ್ತು ಕೊಳ್ಳುವ ನೆಪದಲ್ಲಿ ಮತ್ತೆ ಮತ್ತೆ ಕುಶಾಲನಗರಕ್ಕೆ ಹೊರಡತೊಡಗಿದರು. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರಿಗೈಯಲ್ಲಿ ಬರುತ್ತಿದ್ದರು.

“ಹಲ್ಲ್ ಸರಿ ಇತ್ಲೆ,” ಎನ್ನುತ್ತಿದ್ದರು, ಎತ್ತಿನ ಹಲ್ಲು ಸರಿಯಿರಲಿಲ್ಲವಂತೆ. ಮುಂದಿನ ಸಲ, “ಕೊಂಬು ಸರಿ ಇತ್ಲೆ.” ಅದರ ಮುಂದಿನ ಸಲ ಬಾಲ.

ನಾನು ಕೆದಕಲಿಲ್ಲ. ಮಡಿಕೇರಿಯ ತಂಗಿ ದಮಯಂತಿಯ ಮನೆಗೆಂದು ಹೇಳಿ ನಾನೂ ಪಾಲಿಬೆಟ್ಟಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಮಗಳು ನೀಲಾವತಿ ಇದ್ದಳು. ನಮ್ಮ ಗೌಡರ ಮನೆಯ ಹುಡುಗಿ ಶನಿವಾರಸಂತೆ ಕಡೆಯ ಲಿಂಗಾಯತರ ಹುಡುಗನನ್ನು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮರುಳಸಿದ್ದಪ್ಪನನ್ನು, ತಾನೇ ಮೆಚ್ಚಿ ಮದುವೆಯಾಗಿದ್ದಳು. ಆ ಹೊಸ್ತಿಲು ತುಳಿಯುವುದಿಲ್ಲವೆಂದು ಇವರು ಊರಿಗೆಲ್ಲ ಕೇಳುವಂತೆ ಕೂಗಿದ್ದರು. ಹಂದಿಮಾಂಸ ತಿನ್ನದ ಅಳಿಯ ಸಿಕ್ಕಿದನೆಂಬ ಸಂಕಟ ಬೇರೆ.

ಮಗಳಿಗೆ ಹೆಣ್ಣುಕೂಸು ಹುಟ್ಟಿತು. ತನ್ನಪ್ಪ ಬಂದು ಹೆಸರಿಟ್ಟರೆ ಸರಿ, ಇಲ್ಲದಿದ್ದರೆ ಕೂಸಿಗೆ ಹೆಸರೇ ಬೇಡ ಎಂದು ಅವಳು ಹಟ ಹಿಡಿದಳು. ಅಪ್ಪನ ಮಗಳೇ ಸೈ. ಕೂಸು ಮಗುಚಿ ಬೀಳಲು ಕಲಿತರೂ ಅದನ್ನು “ಏ ಇವಳೇ” ಎಂದು ಕರೆಯುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಇವರ ಪಂಚೆ ಒಗೆಯಲು ತೆಗೆದುಕೊಂಡೆ. ಅದರ ತುಂಬ ಕಪ್ಪು ಸೂಜಿಯಂಥ ಅಂಟುಬೀಜಗಳು. ಮಳೆ ನಿಂತ ಮೇಲೆ ಹೂ ಬಿಟ್ಟು, ಬೀಜ ಕಟ್ಟಿ, ಬೇಸಿಗೆಗೆ ಒಣಗಿಹೋಗುವ ಕಳೆ ಅದು. ಅದರಲ್ಲಿ ಎರಡು ಬಗೆಯಿದೆ. ಎಲೆ, ಎತ್ತರ, ವಾಸನೆ ಎಲ್ಲ ಒಂದೇ ಥರ. ಕಳೆ ಕೀಳುವವರು ಎರಡನ್ನೂ ಒಂದೇ ಎನ್ನುತ್ತಾರೆ. ಹೂವು ನೋಡಿದರೆ ನಮ್ಮೂರಿನದಕ್ಕೆ ಬಿಳಿ ಎಸಳು, ಪಾಲಿಬೆಟ್ಟದ್ದಕ್ಕೆ ಹಳದಿ. ಹೂ ಉದುರಿದ್ದರೆ ಬೀಜದ ತುದಿ ನೋಡಬೇಕು. ನಮ್ಮದರಲ್ಲಿ ಎರಡು ಹಲ್ಲು, ಅಪರೂಪಕ್ಕೆ ಮೂರು. ಆ ಕಡೆಯದರಲ್ಲಿ ನಾಲ್ಕು. ಮಗಳ ಮನೆಯ ಹಿಂದಿನ ತೋಡಿನಲ್ಲಿ ಕೂಸಿನ ಬಟ್ಟೆ ಒಗೆದು ಬಂದಾಗಲೆಲ್ಲ ನನ್ನ ಸೀರೆಯಂಚಿನಿಂದ ಈ ನಾಲ್ಕು ಹಲ್ಲಿನವನ್ನು ಕಿತ್ತು ಒಲೆಗೆ ಹಾಕಿ ಗುಟ್ಟು ಉಳಿಸಿಕೊಂಡಿದ್ದೆ.

ಪಂಚೆಯ ಬೀಜವನ್ನು ಬೆಳಕಿಗೆ ಹಿಡಿದೆ. ನಾಲ್ಕು ಹಲ್ಲು.

ಒಂದೇ ಹಗ್ಗದಲ್ಲಿ ನೇತು ಹಾಕಿದ್ದಕ್ಕೆ ನನ್ನ ಸೀರೆಯಿಂದ ಇವರ ಪಂಚೆಗೆ ದಾಟಿವೆ, ನಾನು ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಪಂಚೆಯ ಅಂಚಿನಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಹಿಂಭಾಗದಲ್ಲಿ, ಕೂರುವ ಜಾಗದಲ್ಲಿ, ಅದುಮಿ ಮುರಿದಿದ್ದವು. ಕೋಟಿನ ಹಿಂದೆಯೂ ಹಾಗೆಯೇ. ನಡೆದು ಹೋದವರ ಬಟ್ಟೆ ಹೀಗಾಗುವುದಿಲ್ಲ. ಈ ಮನುಷ್ಯ ಕಳೆಯ ನಡುವೆ ಬಹಳ ಹೊತ್ತು ಕುಳಿತಿದ್ದಾರೆ.

ಕುಶಾಲನಗರದಲ್ಲೂ ಆ ಕಳೆ ಇದ್ದರೆ? ಆ ವಾರವೇ ಪಾಲಿಬೆಟ್ಟಕ್ಕೆ ಹೋಗಿ ನೋಡಿದೆ. ಮಗಳ ಮನೆಯ ಎದುರಿನ ದಿಬ್ಬದ ಮೇಲೆ, ಸೊಂಟದೆತ್ತರದ ಕಳೆಯ ನಡುವೆ, ಒಬ್ಬರು ಕೂರುವಷ್ಟು ಜಾಗ ಚಪ್ಪಟೆಯಾಗಿತ್ತು. ಪಕ್ಕದಲ್ಲಿ ಎಲೆಅಡಿಕೆ ಉಗಿದ ಗುರುತು. ಅಲ್ಲಿ ಕುಳಿತು ನೋಡಿದೆ. ಜಗುಲಿಯಲ್ಲಿ ಕೂಸು ಕೈಕಾಲು ಬಡಿಯುವುದು ಚೆನ್ನಾಗಿ ಕಾಣುತ್ತಿತ್ತು. ನಗು ಬಂತು, ಅಳುವೂ ಬಂತು. ಹೊಸ್ತಿಲು ತುಳಿಯದೆ ಮಾತು ಉಳಿಸಿಕೊಳ್ಳುವ ಉಪಾಯ ನೋಡಿ!

ಮಗಳಿಗೆ ಎಲ್ಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿದ್ದ ಮುತ್ತಿಯನ್ನು ಕರೆದು ದಿಬ್ಬದ ಕಳೆ ತೆಗೆಯಲು ಹೇಳಿದಳು.

“ಬೇಸಿಗೇಲಿ ಅದೇ ಒಣಗ್ತದಲ್ಲಮ್ಮ,” ಎಂದಳು ಮುತ್ತಿ.

“ಅಷ್ಟೊತ್ತಿಗೆ ಕೂಸೇ ಎದ್ದು ಹೆಸ್ರು ಹುಡುಕ್ತಾ ಹೋಗ್ತದೆ. ಈಗ್ಲೇ ತೆಗಿ,” ಎಂದಳು ಮಗಳು.

ನಾನು ಊರಿಗೆ ಮರಳಿ ಕೆಲವು ದಿನ ಬಿಟ್ಟು ಮತ್ತೆ ತಂಗಿಯ ಮನೆಗೆ ಹೋಗುತ್ತೇನೆಂದೆ. ಇವರ ಮುಖ ಅರಳಿತು. “ಹಂಗಾರೆ ನಾನೂ ನಾಳೆ ಎತ್ತ್ ನೋಡಿಕೆ ಹೋಗಿ ಬನ್ನೆ,” ಎಂದರು. ಹೋಗಿ ಬನ್ನಿ ಎಂದು ನಾನು ಅಂದೇ ಪಾಲಿಬೆಟ್ಟದ ಬಸ್ಸು ಹತ್ತಿದೆ.

ಮಾರನೆಯ ದಿನ ನಾನು, ಮಗಳು, ಅಳಿಯ ಮೂವರೂ ಅವರ ಮನೆಯ ಬಾಗಿಲ ಹಿಂದೆ ನಿಂತು ಕಾದೆವು. ಇವರು ಬಂದರು. ಬೋಳಾದ ದಿಬ್ಬ ನೋಡಿ ನಿಂತಲ್ಲೇ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊನೆಗೆ ಮಳೆಯೂ ಇಲ್ಲದೆ ಬಿಸಿಲೂ ಇಲ್ಲದೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ಕೊಡೆಯ ಕೆಳಗೆ ಹೊಟ್ಟೆ ಪೂರ್ತಿ ಕಾಣುತ್ತಿತ್ತು. ಮರುಳಸಿದ್ದಪ್ಪ ಬಾಯಿಗೆ ಟವೆಲ್ಲು ತುರುಕಿಕೊಂಡ.

ನೀಲಾವತಿ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. “ಅಪ್ಪಾ, ಅಲ್ಲಿ ಕೂರಿಕೆ ಜಾಗ ಇಲ್ಲೆ. ಒಳ್ಗೆ ಬಾ.”

ಕೊಡೆ ಅಲುಗಲಿಲ್ಲ. “ಎತ್ತ್ ನೋಡಿಕೆ ಬಂದೆ,” ಎಂದಿತು ಕೊಡೆಯ ಹಿಂದಿನ ದನಿ. “ಇಲ್ಲಿ ಯಾರೋ ಮಾರ್ತೊಳೊ ಹೇಳಿ ಕೇಳ್ದೆ.”

“ಎತ್ತಿಲ್ಲ ಮಾವ, ಕಾಫಿ ಐತೆ. ಬನ್ನಿ,” ಎಂದ ಅಳಿಯ.

ಆಗ ನಾನೂ ಹೊರಗೆ ಬಂದೆ. ಇವರು ಕೊಡೆ ಇಳಿಸಿ ಬಾಯಿ ಬಿಟ್ಟರು. ಮುಖ ಕೆಂಪಾಯಿತು. “ನೀ ಮಡಿಕೇರಿಲಿ ಅಲ್ವಾ? ನಿಂಗೆ ಯಾರ್ ಹೇಳ್ದ್?”

“ನಿಮ್ಮ ಪಂಚೆ,” ಎಂದೆ.

“ಪಂಚೆಯಾ!” ಎಂದು ಗುಡುಗಿದರು. ಆ ಗಂಟಲಿಗೆ ಹೆದರಿ ಕೂಸು ಕಿಟಾರನೆ ಕಿರುಚಿಕೊಂಡಿತು. ಇವರ ಸಿಟ್ಟು ಅಲ್ಲೇ ಇಳಿಯಿತು. ಕೊಡೆ ಬಿಸಾಡಿ, ದಿಬ್ಬ ಇಳಿದು, ಮಗಳ ಕೈಯಿಂದ ಕೂಸನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡರು.

“ಅಳ್ಬೇಡ ಬೊಳ್ಳೂ, ಅಳ್ಬೇಡ. ಅಜ್ಜ ನಿಂಗೆ ಬೈದ್ದಲ್ಲ ಬೊಳ್ಳೂ.”

ಬೊಳ್ಳು ಎಂದರೆ ಬೊಳ್ಳಮ್ಮ, ಇವರ ಅವ್ವನ ಹೆಸರು.

“ಅಪ್ಪಾ,” ಎಂದಳು ನೀಲಾವತಿ. “ನೀ ಇವಳ್ನ ಎಂಥ ಕರ್ದ?”

ಇವರು ತಲೆಯೆತ್ತಲಿಲ್ಲ. ಕೂಸಿನ ಕೆನ್ನೆಯನ್ನು ಕೋಟಿನ ತೋಳಿನಿಂದ ಒರೆಸುತ್ತಿದ್ದರು.

“ಇವಳ ಹೆಸ್ರೇ ಕರ್ದೆ,” ಎಂದರು. “ಮಳೆ ಬಿಟ್ಟಂದಿಂದ ಆ ದಿಬ್ಬಲಿ ಕೂತು ಕರಿತಾನೇ ಇದ್ದೆ. ನಿಮ್ಗೆ ಕೇಳ್ತಿತ್ಲೆ, ಅಷ್ಟೇ.”